ಕುಂದು ಮೊದಲು, ಮುಖ ಆಮೇಲೆ

ಇನ್ನೂ ಬೆಳಕು ಹರಿದಿಲ್ಲ. ಊರಿನ ಕೊನೆಯ ಮನೆಗಳು ಮುಗಿದು ಉತ್ತ ಹೊಲಗಳು ಶುರುವಾಗುವಲ್ಲಿ, ಒಂದು ಕಾಲಕ್ಕೆ ಕಾಳಿನ ಗೋದಾಮಾಗಿದ್ದ ಉದ್ದನೆಯ ಕಟ್ಟಡವಿದೆ. ಅದರ ಕಬ್ಬಿಣದ ಬಾಗಿಲಿಗೆ ಬೀಗದ ಕೈ ತಾಗಿದ ಸದ್ದಿಗೇ ಒಳಗಿನ ನಲವತ್ತೊಂದು ನಾಯಿಗಳು ಒಟ್ಟಿಗೆ ಬಾಯಿ ತೆಗೆಯುತ್ತವೆ. ಇಪ್ಪತ್ತಾರು ಬೆಕ್ಕುಗಳು ಮಾತ್ರ ಬಂದವರು ಯಾರೆಂದು ಗೊತ್ತಿದ್ದೂ ಗೊತ್ತಿಲ್ಲದವರಂತೆ ಮಲಗೇ ಇರುತ್ತವೆ.

"ಬಂದೆ, ಬಂದೆ. ವರ್ಷದಿಂದ ಅನ್ನ ಕಾಣದವರ ಥರ ಕೂಗ್ಬೇಡಿ. ರಾತ್ರಿ ತಾನೆ ಹಾಕಿದೀನಿ" ಎನ್ನುತ್ತ ಒಳಗೆ ಬರುವವರನ್ನು ಇಲ್ಲಿ ಎಲ್ಲರೂ ಫೋಟೊ ಅಕ್ಕ ಎನ್ನುತ್ತಾರೆ. ವಯಸ್ಸು ಐವತ್ತೆರಡು. ಬಲಗೆನ್ನೆಯ ಮೇಲೆ ಹೆಬ್ಬೆರಳಿನ ಉಗುರಿನಷ್ಟು ಅಗಲದ ಕಪ್ಪು ಮಚ್ಚೆ. ಬಿಟ್ಟುಹೋದ, ಕಳೆದುಹೋದ, ಸಾಕಲಾಗದೆ ತಂದುಬಿಟ್ಟ ನಾಯಿ ಬೆಕ್ಕುಗಳ ಈ ಆಶ್ರಯದಲ್ಲಿ ಅವರ ಕೆಲಸ ಗುಡಿಸುವುದು, ತೊಳೆಯುವುದು, ಉಣ್ಣಿಸುವುದು. ಹಾಜರಿ ಪುಸ್ತಕದಲ್ಲಿರುವುದು ಇಷ್ಟೇ. ಅದರಲ್ಲಿಲ್ಲದ ಇನ್ನೊಂದು ಕೆಲಸವೂ ಇದೆ. ಅದಕ್ಕಾಗಿಯೇ ಅವರು ಒಂದೂವರೆ ಗಂಟೆ ಮುಂಚೆ ಬರುತ್ತಾರೆ.

ಮೊದಲು ಗುಡಿಸಿ ತೊಳೆಯುತ್ತಾರೆ. ಆಮೇಲೆ ಪೊರಕೆಯನ್ನು ನೀರಿನ ಡ್ರಮ್ಮಿನ ಹಿಂದೆ, ಯಾರ ಕಣ್ಣಿಗೂ ಬೀಳದ ಹಾಗೆ ಬಚ್ಚಿಡುತ್ತಾರೆ. "ಪೊರಕೆ ಕಂಡ್ರೆ ಅರ್ಧಕ್ಕರ್ಧ ನಾಯಿಗಳು ಮೂಲೆ ಸೇರ್ತವೆ. ಯಾವ್ಯಾವ ಮನೇಲಿ ಎಷ್ಟೆಷ್ಟು ಏಟು ತಿಂದು ಬಂದಿದಾವೋ. ಪೊರಕೆ ಹಿಡಿದ ಕೈಯಲ್ಲೇ ಫೋಟೊ ತೆಗೀತೀನಿ ಅಂದ್ರೆ ನಂಬ್ತವಾ?" ಅಷ್ಟರಲ್ಲಿ ಮೂಡಣ ಗೋಡೆಯ ಕಿಂಡಿಗಳಿಂದ ಬಿಸಿಲು ಇಳಿಯುತ್ತದೆ. ಕಣ್ಣು ಕುಕ್ಕದ, ಹಾಲು ಬೆರೆಸಿದಂಥ ಬಿಸಿಲು. ಅದು ಇರುವುದು ಮೂವತ್ತೈದು ನಿಮಿಷ. ಅಕ್ಕ ಗೋಣಿಚೀಲವನ್ನು ನಾಲ್ಕು ಮಡಿಕೆ ಮಾಡಿ ನೆಲಕ್ಕೆ ಹಾಸಿ, ಸೆರಗು ಸಿಕ್ಕಿಸಿ, ಅದರ ಮೇಲೆ ಬೋರಲು ಮಲಗುತ್ತಾರೆ. ಗಲ್ಲ ನೆಲಕ್ಕೆ ತಾಗುವಷ್ಟು ಕೆಳಗೆ. ಗಾಜು ಬಿರುಕು ಬಿಟ್ಟ ಮೊಬೈಲು ನಾಯಿಯ ಕಣ್ಣಿನ ಮಟ್ಟಕ್ಕೆ ಬರುತ್ತದೆ.

"ನಿಂತ್ಕೊಂಡು ತೆಗೆದ್ರೆ ಅದು ನಾವು ನೋಡಿದ ನಾಯಿ. ಮಲಗಿ ತೆಗೆದ್ರೆ ನಾಯಿ ನಮ್ಮನ್ನ ನೋಡಿದ್ದು ಬರುತ್ತೆ" ಎನ್ನುತ್ತಾರೆ. ಎದ್ದಾಗ ಮೊಣಕೈ, ಹೊಟ್ಟೆ, ಮಂಡಿ ಎಲ್ಲ ಒದ್ದೆ. ಬೆಕ್ಕಿನ ಕೋಣೆಯಲ್ಲಿ ಕ್ರಮವೇ ಬೇರೆ. ಅಲ್ಲಿ ಬೆಕ್ಕಿಗೆ ಬೆನ್ನು ಮಾಡಿ ಕೂತು ತಮ್ಮ ಪಾಡಿಗೆ ಬಟ್ಟೆ ಮಡಚುತ್ತಿರುತ್ತಾರೆ. ಹತ್ತು ನಿಮಿಷಕ್ಕೆ ಬೆಕ್ಕೇ, ಇವಳಿಗೆ ಎಷ್ಟು ಜಂಬ ಅಂತ ನೋಡಲು ಎದುರಿಗೆ ಬಂದು ಕೂರುತ್ತದೆ.

ಒಂದು ಬೆಳಿಗ್ಗೆ ನೂರೈವತ್ತು ಫೋಟೊ ತೆಗೆದರೆ ಉಳಿಯುವುದು ಆರೇಳು. ಅವು ಆಶ್ರಯದ ಜಾಲತಾಣದ ಪುಟಕ್ಕೂ, ಹನ್ನೊಂದು ಮೊಬೈಲ್ ಗುಂಪುಗಳಿಗೂ ಹೋಗುತ್ತವೆ. ಅಲ್ಲಿಂದ ಯಾರು ಯಾರಿಗೆ ಕಳಿಸುತ್ತಾರೋ, ಎಲ್ಲಿಗೆ ಮುಟ್ಟುತ್ತವೋ ಅವರಿಗೂ ಗೊತ್ತಿಲ್ಲ. ನಾಲ್ಕು ವರ್ಷದಲ್ಲಿ ಹೀಗೆ ಹೋದ ಫೋಟೊ ಹಿಡಿದುಕೊಂಡು ಜನ ಬಂದು, ಮುನ್ನೂರ ಹನ್ನೆರಡು ನಾಯಿ ಬೆಕ್ಕುಗಳನ್ನು ಮನೆಗೆ ಕರೆದುಕೊಂಡು ಹೋಗಿದ್ದಾರೆ.

ಒಂಬತ್ತನೇ ಗೂಡಿನ ಮುಂದೆ ಬಂದಾಗ ಮಾತ್ರ ಅಕ್ಕನ ನಡಿಗೆ ನಿಧಾನವಾಗುತ್ತದೆ. ಅಲ್ಲಿರುವುದು ತಾತ. ಕಂದು ಬಣ್ಣದ, ಮೂತಿ ನರೆತ, ಬಲಗಣ್ಣಿಗೆ ಬಿಳಿ ಪೊರೆ ಕವಿದ ಮುದಿ ನಾಯಿ. ಅಕ್ಕ ಬಂದರೆ ಬಾಲ ಆಡಿಸುತ್ತಾನೆ, ಕೈ ನೆಕ್ಕುತ್ತಾನೆ. ಮೊಬೈಲು ಎತ್ತಿದರೆ ಸಾಕು, ತಿರುಗಿ ಕೂತು ಬೆನ್ನು ತೋರಿಸುತ್ತಾನೆ. ಎರಡು ವರ್ಷದಿಂದ ಹೀಗೇ.

"ಅವನ ತಪ್ಪಲ್ಲ. ನಾನು ಮಾಡಿದ್ದನ್ನ ನಾನು ಉಣ್ತಿದೀನಿ" ಎಂದು ಅಕ್ಕ ಮೊಬೈಲು ಕೆಳಗಿಡುತ್ತಾರೆ.

ಆ ತಪ್ಪಿನ ಬೇರು ಇರುವುದು ಇನ್ನೊಂದು ಊರಿನ, ಇನ್ನೊಂದು ಕೋಣೆಯಲ್ಲಿ. ಅಕ್ಕ ಹುಟ್ಟಿದ್ದು ದನ ಕರುಗಳ ಮನೆಯಲ್ಲಿ. ಹದಿನೆಂಟು ತುಂಬುವ ಹೊತ್ತಿಗೆ ಪೇಟೆಯ ಫೋಟೊ ಸ್ಟುಡಿಯೊದ ಹಿಂದಿನ ಕೋಣೆಗೆ ಕೆಲಸಕ್ಕೆ ಸೇರಿದರು. ಕಿಟಕಿ ಇಲ್ಲದ ಕೋಣೆ, ಒಂದು ಮೇಜು. ಮೊದಮೊದಲು ಸಣ್ಣ ಕುಂಚ, ಆಮೇಲೆ ಕಂಪ್ಯೂಟರು. ಕೆಲಸ ಒಂದೇ, ಟಚಪ್ಪು. ಮೊಡವೆ ತೆಗೆ, ಕಣ್ಣಿನ ಕೆಳಗಿನ ಕಪ್ಪು ತೆಗೆ, ಬೊಕ್ಕ ತಲೆಗೆ ನಾಲ್ಕು ಕೂದಲು ಎಳೆ, ಮುಚ್ಚಿದ ಕಣ್ಣು ತೆರೆಸು. ಮೂವತ್ತು ವರ್ಷ ಊರಿಗೆ ಊರನ್ನೇ ಚೆಂದ ಮಾಡಿದ ಕೈ ಅದು. "ಇನ್ನೊಂದು ಚೂರು, ಇನ್ನೊಂದು ಚೂರು ಅಂತಿದ್ರು ಗಿರಾಕಿಗಳು. ಕೊನೆಗೆ ಫೋಟೊ ಒಯ್ಯೋಕ್ಕೆ ಬಂದಾಗ ಯಾರದ್ದು ಯಾವುದು ಅಂತ ನಮಗೇ ಗೊತ್ತಾಗ್ತಿರ್ಲಿಲ್ಲ." ಎಲ್ಲರ ಕೈಗೂ ಮೊಬೈಲು ಬಂತು, ಸ್ಟುಡಿಯೊ ಬಾಗಿಲು ಹಾಕಿತು. ಹೊಟ್ಟೆಪಾಡಿಗೆ ಅಕ್ಕ ಇಲ್ಲಿ ಪೊರಕೆ ಹಿಡಿದರು.

ಆಗ ಆಶ್ರಯದ ಫೋಟೊಗಳನ್ನು ಮೇಲ್ವಿಚಾರಕರು ಗೂಡಿನ ಹೊರಗೆ ನಿಂತು ತೆಗೆಯುತ್ತಿದ್ದರು. ಎಲ್ಲ ನಾಯಿಗಳೂ ಜೈಲಿನಲ್ಲಿ ಇದ್ದಂತೆ ಕಾಣುತ್ತಿದ್ದವು. "ಸರ್, ನಾನು ತೆಗೀಲಾ?" ಎಂದು ಅಕ್ಕ ಕೇಳಿದರು. ತೆಗೆದರು. ಜನ ಬರತೊಡಗಿದರು. ಕೈ ಸುಮ್ಮನಿರಬೇಕಲ್ಲ, ಹಳೆಯ ಅಭ್ಯಾಸ ಬಲ. ಒಂದರ ಕಿವಿಯ ಗಾಯ ಅಳಿಸಿದರು, ಒಂದರ ಬೋಳು ಚರ್ಮಕ್ಕೆ ರೋಮ ತುಂಬಿದರು. ಎರಡು ವರ್ಷದ ಹಿಂದೆ ತಾತನ ಫೋಟೊ ತೆಗೆದಾಗ ಬಲಗಣ್ಣಿನ ಪೊರೆ ಒರೆಸಿ, ಎಡಗಣ್ಣನ್ನೇ ಎತ್ತಿ ಅಲ್ಲಿ ಕೂರಿಸಿದರು. ಮೂರು ನಿಮಿಷದ ಕೆಲಸ. ಎಷ್ಟು ನಾಜೂಕೆಂದರೆ ಇಲ್ಲಿನ ಪ್ರಾಣಿಗಳನ್ನು ನೋಡುವ ಡಾಕ್ಟರಮ್ಮನಿಗೂ ತಕ್ಷಣ ತಿಳಿಯಲಿಲ್ಲ.

ಭಾನುವಾರ ಒಂದು ಸಂಸಾರ ಬಂತು. ಅಪ್ಪ, ಅಮ್ಮ, ಹತ್ತು ವರ್ಷದ ಮಗಳು. ಜನಜಂಗುಳಿ, ಗಡಿಬಿಡಿ, ಸಂಜೆಯ ಮಬ್ಬು. ಕಾಗದಕ್ಕೆ ಸಹಿ ಹಾಕಿ ತಾತನನ್ನು ಕರೆದುಕೊಂಡು ಹೋದರು. ಮೂರನೇ ದಿನ ವಾಪಸ್ಸು. ಹುಡುಗಿ ಬಲಗಡೆಯಿಂದ ಓಡಿ ಬಂದು ತಬ್ಬಿಕೊಂಡಿದ್ದಾಳೆ. ಕಾಣದ ಕಡೆಯಿಂದ ಮೇಲೆ ಬಿದ್ದದ್ದು ಏನೆಂದು ತಿಳಿಯದೆ ತಾತ ಹೌಹಾರಿ ಬಾಯಿ ಹಾಕಿದ್ದಾನೆ. ಲಂಗದ ಅಂಚು ಹರಿದದ್ದು ಬಿಟ್ಟರೆ ಮತ್ತೇನೂ ಆಗಿರಲಿಲ್ಲ. ಅಪ್ಪ ಒಮ್ಮೆ ಮೊಬೈಲು, ಒಮ್ಮೆ ನಾಯಿ ನೋಡಿ, "ಇದು ಈ ಫೋಟೊದ ನಾಯಿ ಅಲ್ಲ" ಎಂದರು. ಹುಡುಗಿ ಕಂಬಿ ಹಿಡಿದು ಬಿಕ್ಕಿ ಬಿಕ್ಕಿ ಅತ್ತಳು. ಅಂದಿನಿಂದ ತಾತನಿಗೆ ಮೊಬೈಲು ಎತ್ತಿದರೆ ಆಗದು.

"ಕಣ್ಣು ಕಾಣಲ್ಲ ಅಂತ ಹೇಳಿದ್ರೆ ಆ ಮಗು ಎಡಗಡೆಯಿಂದ ಬರ್ತಿತ್ತು. ಇಷ್ಟೇ. ಇವತ್ತು ಅವನು ಆ ಮನೆ ಮಂಚದ ಕೆಳಗೆ ಗೊರಕೆ ಹೊಡೀತಿರ್ತಿದ್ದ. ನಾನು ಒರೆಸಿದ್ದು ಪೊರೆ ಅಲ್ಲ, ಅವನ ಮನೆ."

ಅವತ್ತಿನಿಂದ ಅಕ್ಕನ ಕ್ರಮ ತಿರುವುಮುರುವಾಗಿದೆ. ಯಾವ ಪ್ರಾಣಿಯದೇ ಆಗಲಿ, ಮೊದಲ ಫೋಟೊ ಕುಂದಿನದು. ಮುರಿದ ಕಾಲು, ಕಿತ್ತ ಕಿವಿ, ಬಿದ್ದ ಹಲ್ಲು. ಮುಖ ಆಮೇಲೆ. ಕೆಳಗೆ ಬರೆಯುವ ಮಾತೂ ಹಾಗೇ. ‘ಇವಳು ಚಪ್ಪಲಿ ಕಚ್ಚುತ್ತಾಳೆ. ಜೊತೆಯಲ್ಲಿ ಒಂದನ್ನು ಮಾತ್ರ, ಅದೂ ಹೊಸದನ್ನು.’ ‘ಈ ಬೆಕ್ಕು ತೊಡೆಯ ಮೇಲೆ ಕೂರುವುದಿಲ್ಲ. ಆಸೆ ಇಟ್ಟುಕೊಳ್ಳಬೇಡಿ. ಪಕ್ಕದ ಕುರ್ಚಿಯಲ್ಲಿ ಕೂರುತ್ತದೆ.’ ಮೇಲ್ವಿಚಾರಕರಿಗೆ ತಲೆ ಕೆಟ್ಟಿತು. "ಏನಮ್ಮಾ, ಯಾವ ಅಂಗಡಿಯವನು ಕೊಳೆತ ಹಣ್ಣನ್ನ ಮುಂದಿಡ್ತಾನೆ?" ಎಂದರು.

"ಹಣ್ಣು ವಾಪಸ್ ಬಂದ್ರೆ ಅವನು ಬಿಸಾಕ್ತಾನೆ ಸರ್. ಇವು ವಾಪಸ್ ಬಂದ್ರೆ ಏನ್ಮಾಡೋಣ?"

ಅವರು ಕನ್ನಡಕ ಒರೆಸಿಕೊಂಡು ಹೋದರು. ಮೊದಲಿನ ಎರಡು ವರ್ಷದಲ್ಲಿ ಹೀಗೆ ವಾಪಸ್ಸು ಬಂದವು ಹತ್ತೊಂಬತ್ತು. ಆಮೇಲಿನ ಎರಡು ವರ್ಷದಲ್ಲಿ ಎರಡೇ. ಈಗ ಆ ಲೆಕ್ಕವನ್ನು ಬಂದವರಿಗೆಲ್ಲ ಮೊದಲು ಹೇಳುವವರು ಮೇಲ್ವಿಚಾರಕರೇ.

ಆದರೆ ತಾತನ ಫೋಟೊ ಮಾತ್ರ ಆಗುತ್ತಿಲ್ಲ. ಫೋಟೊ ಇಲ್ಲದ ನಾಯಿಯನ್ನು ಹುಡುಕಿಕೊಂಡು ಯಾರೂ ಬರುವುದಿಲ್ಲ. ಡಾಕ್ಟರಮ್ಮ ಅವನ ಎದೆಗೆ ಕೊಳವೆ ಇಟ್ಟು ಕೇಳಿ, "ಒಂದು ವರ್ಷ, ಚೆನ್ನಾಗಿ ನೋಡ್ಕೊಂಡ್ರೆ ಎರಡು" ಎಂದಿದ್ದಾರೆ. ಆ ವರ್ಷವನ್ನು ಅವನು ಸಿಮೆಂಟು ನೆಲದ ಮೇಲಲ್ಲ, ಒಂದು ಮನೆಯ ಹೊಸ್ತಿಲ ಒಳಗೆ ಕಳೆಯಬೇಕೆಂಬುದು ಅಕ್ಕನ ಒಂದೇ ಹಟ. ತಾವೇ ಕರೆದುಕೊಂಡು ಹೋಗಬಹುದಿತ್ತು. ಆದರೆ ಮನೆಯಲ್ಲಿ ಅತ್ತೆಗೆ ಉಬ್ಬಸ, ರೋಮದ ಗಾಳಿ ಆಗದು. ಅಕ್ಕ ದಿನಾ ಹಿತ್ತಿಲ ಬಾಗಿಲಲ್ಲೇ ಸ್ನಾನ ಮಾಡಿ, ಬಟ್ಟೆ ಬದಲಿಸಿ ಒಳಗೆ ಹೋಗುತ್ತಾರೆ.

ಎಂಬತ್ತು ದಾಟಿದ ಅತ್ತೆಯ ಉಸಿರು ಸಣ್ಣದು, ನಾಲಿಗೆ ಚುರುಕು. ತಾತನ ಮಾತು ಬಂದಾಗಲೆಲ್ಲ ಸೊಸೆ ಮುಖ ಸಣ್ಣ ಮಾಡುವುದನ್ನು ನೋಡಿ ಮನೆಗೆ ಬಂದವರಿಗೆ ಹೇಳುತ್ತಾರೆ: "ಇವಳದ್ದೂ ಅದೇ ಕತೆ ಕೇಳಿ. ಸಂಬಂಧ ಕೇಳೋವಾಗ ಕಳಿಸಿದ ಫೋಟೊದಲ್ಲಿ ಕೆನ್ನೆ ಬೆಣ್ಣೆ ಥರ ಇತ್ತು. ಮದುವೆ ದಿನ ನೋಡ್ತೀನಿ, ಇಷ್ಟಗಲ ಮಚ್ಚೆ. ನಾನೇನು ಮೂರನೇ ದಿನಕ್ಕೆ ವಾಪಸ್ ಕಳಿಸಿದ್ನಾ?"

"ಅಳಿಸಿದ್ದು ನಾನಲ್ಲ ಅತ್ತೆ, ಸ್ಟುಡಿಯೊ ಯಜಮಾನರು."

"ಯಾರಾದ್ರೂ ಆಗ್ಲಿ. ಆರು ತಿಂಗಳು ಆ ಮಚ್ಚೆ ಕಡೆ ನೋಡ್ದೇ ಮಾತಾಡಿದೀನಿ. ಮೊದ್ಲೇ ತೋರ್ಸಿದ್ರೆ ಒಂದೇ ದಿನದಲ್ಲಿ ಅಭ್ಯಾಸ ಆಗ್ತಿತ್ತು."

ಒಂದು ಬೆಳಿಗ್ಗೆ ಅಕ್ಕ ಒಂಬತ್ತನೇ ಗೂಡಿನಲ್ಲಿ ಎಂದಿನಂತೆ ತಾತನ ಎಡಗಡೆ ಗೋಣಿ ಹಾಸಿ ಮಲಗುತ್ತಾರೆ. ತಾತ ಎಂದಿನಂತೆ ಬೆನ್ನು ತಿರುಗಿಸುತ್ತಾನೆ. ಅಕ್ಕ ಏನೋ ಹೊಳೆದಂತೆ ಮೆಲ್ಲಗೆ ಎದ್ದು, ಗೋಣಿ ಎಳೆದುಕೊಂಡು ಸುತ್ತಿ ಬಂದು ಬಲಗಡೆಗೆ ಮಲಗುತ್ತಾರೆ. ಪೊರೆ ಕವಿದ ಕಣ್ಣಿನ ಕಡೆಗೆ. ಸ್ಟುಡಿಯೊದ ಮೂವತ್ತು ವರ್ಷದಲ್ಲಿ ಯಾರನ್ನೂ ಆ ಕಡೆಯಿಂದ ತೆಗೆದವರಲ್ಲ. ಕುಂದಿನ ಮಗ್ಗುಲನ್ನು ನೆರಳಿಗೆ ಹಾಕು ಎನ್ನುವುದೇ ಅಲ್ಲಿನ ಮೊದಲ ಪಾಠ. ಇಲ್ಲಿಯೂ ಕುಂದನ್ನು ಮೊದಲು ತೋರಿಸುವ ಅಕ್ಕ, ತಾತನ ಹತ್ತಿರ ಬಂದಾಗ ಮಾತ್ರ ತಪ್ಪಿನ ಅಳುಕಿಗೋ ಏನೋ ಎಡಗಡೆಗೇ ಹೋಗಿ ಕೂರುತ್ತಿದ್ದರು.

"ತಾತಾ, ಬಲಗಡೆ ಇದೀನಿ ಕಣಪ್ಪ. ಗಾಬರಿ ಬೀಳ್ಬೇಡ" ಎನ್ನುತ್ತಾರೆ, ಕರು ಹಾಕುವ ಹಸುವಿನ ಹತ್ತಿರ ಮಾತಾಡುವ ದನಿಯಲ್ಲಿ. ಮೊಬೈಲು ಅವನಿಗೆ ಕಾಣುವುದಿಲ್ಲ. ದನಿ ಕೇಳುತ್ತದೆ. ಕಿವಿ ನಿಗುರಿಸಿ, ನರೆತ ಮೂತಿಯನ್ನು ದನಿಯ ಕಡೆಗೆ ಅರ್ಧ ತಿರುಗಿಸುತ್ತಾನೆ. ಕಿಂಡಿಯ ಬಿಸಿಲು ನೇರವಾಗಿ ಆ ಬಿಳಿ ಕಣ್ಣಿನ ಮೇಲೆ ಬೀಳುತ್ತದೆ. ಅಕ್ಕ ಒಂದೇ ಒಂದು ಫೋಟೊ ತೆಗೆಯುತ್ತಾರೆ.

ಅದರ ಕೆಳಗೆ ಬರೆದದ್ದು ಹೀಗಿದೆ: ‘ಹೆಸರು ತಾತ. ಬಲಗಣ್ಣು ಕಾಣಿಸುವುದಿಲ್ಲ. ಎರಡು ವರ್ಷದ ಹಿಂದೆ ಇದನ್ನು ಮುಚ್ಚಿಟ್ಟು ತಪ್ಪು ಮಾಡಿದ್ದೆ. ಹತ್ತಿರ ಬರುವ ಮುಂಚೆ ಮಾತಾಡಿ.’

ಒಂಬತ್ತನೇ ದಿನ ಒಬ್ಬರು ಬರುತ್ತಾರೆ. ಕುರ್ಚಿಗಳಿಗೆ ಬೆತ್ತ ಹೆಣೆಯುವ ಕೆಲಸದವರು, ಅರವತ್ತರ ಹತ್ತಿರದ ವಯಸ್ಸು, ಬೆರಳ ತುಂಬ ಬೆತ್ತ ಕುಯ್ದ ಗೆರೆಗಳು. ಯಾರ ಗುಂಪಿನಿಂದಲೋ ಅವರ ತಂಗಿಗೆ, ತಂಗಿಯಿಂದ ಅವರಿಗೆ ಫೋಟೊ ಬಂದಿದೆ. ಗೂಡಿನ ಆಚೆಯೇ ನಿಂತು, "ಏನಪ್ಪಾ ತಾತ, ಬಂದಿದೀನಿ" ಎಂದು ಮೊದಲು ಮಾತಾಡಿಸುತ್ತಾರೆ. ಆಮೇಲೆ ಒಳಗೆ ಹೋಗಿ ಕುಕ್ಕರುಗಾಲಲ್ಲಿ ಕೂರುತ್ತಾರೆ.

"ನಾನು ದಿನಾ ಕೆಲಸಕ್ಕೆ ಕೂರೋ ಜಾಗದಲ್ಲಿ ಬಲಗಡೆ ಗೋಡೆ ಇದೆ" ಎಂದು ಅಕ್ಕನಿಗೆ ವಿವರಿಸುತ್ತಾರೆ. "ನನಗೂ ಗೋಡೆಗೂ ನಡುವೆ ಇವನು ಮಲಗ್ಲಿ. ಕಾಣದ ಕಣ್ಣಿನ ಕಡೆ ಗೋಡೆ, ಕಾಣೋ ಕಣ್ಣಿನ ಕಡೆ ನಾನು. ಸಾಕಲ್ವಾ?"

ಅಕ್ಕ ತಲೆಯಾಡಿಸುತ್ತಾರೆ. ಅವರು ಜೇಬಿನಿಂದ ಮೊಬೈಲು ತೆಗೆದು ಒಮ್ಮೆ ಫೋಟೊ, ಒಮ್ಮೆ ನಾಯಿ ನೋಡುತ್ತಾರೆ. ಅದನ್ನು ಕಂಡು ಅಕ್ಕನ ಕೈ ತಾನಾಗಿ ಕಂಬಿ ಹಿಡಿಯುತ್ತದೆ. ಎರಡು ವರ್ಷದ ಹಿಂದೆ ಆ ಅಪ್ಪ ನೋಡಿದ್ದೂ ಥೇಟ್ ಹೀಗೇ.

"ಫೋಟೊದಲ್ಲಿ ಇದ್ದ ಹಾಗೇ ಇದಾನೆ" ಎನ್ನುತ್ತಾರೆ ಬೆತ್ತದವರು.

ಅಕ್ಕ ಪೊರಕೆ ತರುವ ನೆಪದಲ್ಲಿ ಡ್ರಮ್ಮಿನ ಹಿಂದೆ ಹೋಗಿ, ಬರಿಗೈಯಲ್ಲಿ ವಾಪಸ್ಸು ಬರುತ್ತಾರೆ. "ಮೂವತ್ತು ವರ್ಷ ಸ್ಟುಡಿಯೊದಲ್ಲಿದ್ದೆ. ಈ ಮಾತು ಒಬ್ರೂ ಹೇಳಿರ್ಲಿಲ್ಲ" ಎಂದು ಆಮೇಲೆ ನಗುತ್ತಾರೆ.

ತಾತ ಬೆತ್ತದವರ ಜೊತೆ ಹೋದ ಮೇಲೆ ಮೂರನೇ ದಿನವಿಡೀ ಅಕ್ಕನ ಕಿವಿ ಗೇಟಿನ ಕಡೆಗೇ ಇರುತ್ತದೆ. ಯಾರೂ ಬರುವುದಿಲ್ಲ. ನಾಲ್ಕನೇ ದಿನ ಮೊಬೈಲಿಗೆ ಒಂದು ಫೋಟೊ ಬರುತ್ತದೆ. ವಾಲಿದ ಫೋಟೊ, ಮೂಲೆಯಲ್ಲಿ ತೆಗೆದವರ ಹೆಬ್ಬೆರಳು. ಅರ್ಧ ಹೆಣೆದ ಕುರ್ಚಿಯ ಕೆಳಗೆ, ಗೋಡೆಗೆ ಒತ್ತಿಕೊಂಡು ತಾತ ಮಲಗಿದ್ದಾನೆ, ಮೈಮೇಲೆಲ್ಲ ಬೆತ್ತದ ಸಿಬಿರು. ಅಕ್ಕ ಅದನ್ನು ಹನ್ನೊಂದು ಗುಂಪಿಗೂ ಕಳಿಸುತ್ತಾರೆ. ಬೆರಳನ್ನು ಕತ್ತರಿಸುವುದಿಲ್ಲ.

ಒಂಬತ್ತನೇ ಗೂಡಿಗೆ ಮಾರನೆಯ ದಿನವೇ ಮೂರು ಕಾಲಿನ ಕರಿ ನಾಯಿಯೊಂದು ಬಂದಿದೆ. ಅಕ್ಕ ಗೋಣಿ ಮಡಚುತ್ತಿದ್ದಾರೆ. ಈ ಲೇಖನದ ಜೊತೆಗೆ ಅವರದೂ ಒಂದು ಫೋಟೊ ಬೇಕೆಂದಾಗ ಸಂಕೋಚದಿಂದ ಸೆರಗಿನಲ್ಲಿ ಮುಖ ಒರೆಸಿಕೊಳ್ಳುತ್ತಾರೆ. ಬೆಳಕು ಬಲಗೆನ್ನೆಗೆ ಬೀಳುವ ಹಾಗೆ ತಾವೇ ತಿರುಗಿ ಕೂರುತ್ತಾರೆ. ಆಮೇಲೆ ಒಂದು ಕೋರಿಕೆ ಇಡುತ್ತಾರೆ.

"ಪೇಪರಿನವರಿಗೆ ಹೇಳಿ, ಮಚ್ಚೆ ಅಳಿಸೋದು ಬೇಡ ಅಂತ. ಪೇಪರ್ ನೋಡಿ ಯಾರಾದ್ರೂ ನಾಯಿ ಕೇಳ್ಕೊಂಡು ಬಂದ್ರೆ, ಅವರಿಗೆ ನನ್ನ ಗುರುತು ಸಿಗ್ಬೇಕಲ್ವಾ."