ನೆರಳು ಮುಂದಿರುವ ತನಕ

ಡಲ್ಸಿ ಪ್ಯಾಸ್ಕೋ ನಮ್ಮ ಸೈಕಲ್ ತಂಡದ ಅಡುಗೆಯವಳು. ವರ್ಷ ವರ್ಷವೂ ನಾವು ಪರ್ತ್‌ನಿಂದ ಸಿಡ್ನಿಗೆ ತುಳಿದುಕೊಂಡು ಹೋಗುವಾಗ ಅವಳು ವ್ಯಾನಿನ ಹಿಂಬದಿಯಲ್ಲಿ ಕೂತು ಆಲೂಗಡ್ಡೆ ಸುಲಿಯುತ್ತಿದ್ದಳು. ದೇಶವನ್ನು ಅದೆಷ್ಟೋ ಸಲ ದಾಟಿದವಳು ಕಂಡದ್ದು ಹಿಂದಿನ ಕಿಟಕಿಯಲ್ಲಿ ದೂರವಾಗುವ ರಸ್ತೆಯನ್ನು ಮಾತ್ರ. ಅರವತ್ತು ತುಂಬಿದ ವರ್ಷ ಏಪ್ರನ್ ಬಿಚ್ಚಿ, ವ್ಯಾನ್ ಓಡಿಸುವ ಗಂಡ ಕ್ಲೆಮ್‌ನ ಕೊರಳಿಗೆ ಹಾಕಿದಳು.

"ಈ ಸಲ ನಾನು ತುಳೀತೀನಿ. ನೀನು ಬೇಯ್ಸು."

"ಒಂದೇ ಒಂದ್ಸಲ ವ್ಯಾನ್ ಹತ್ತಿದ್ರೂ ಇದು ವಾಪಸ್ ನಿನ್ ಕೊರಳಿಗೆ. ಜನ್ಮಪೂರ್ತಿ," ಎಂದ ಕ್ಲೆಮ್.

"ಆಯ್ತು ಹೋಗೋ."

ನಲ್ಲರ್ಬಾರ್ ಬಯಲಿನವರೆಗೂ ಅವಳು ಹತ್ತಲಿಲ್ಲ. ಅಲ್ಲಿ ಮರವಿಲ್ಲ, ತಿರುವಿಲ್ಲ. ಅವತ್ತು ಪೂರ್ವದ ಗಾಳಿ ಮುಖಕ್ಕೇ ರಾಚುತ್ತಿತ್ತು. ನಾವು ಒಬ್ಬರ ಬೆನ್ನಿಗೊಬ್ಬರು ಅಂಟಿಕೊಂಡು, ಸರದಿಯ ಮೇಲೆ ಮುಂದೆ ಬಂದು ಗಾಳಿ ತಡೆಯುತ್ತಾ ಸಂಜೆಗೆ ಹೇಗೋ ಬಿಡಾರ ಮುಟ್ಟಿದೆವು. ಡಲ್ಸಿ ಮಧ್ಯಾಹ್ನವೇ ಹಿಂದೆ ಬಿದ್ದಿದ್ದಳು. ವ್ಯಾನ್ ಕೊನೆಯವರ ಹಿಂದೆಯೇ ಬರಬೇಕು, ಸೂರ್ಯ ಮುಳುಗಿದಾಗ ರಸ್ತೆಯಲ್ಲಿ ಇರುವವರು ಅದನ್ನು ಹತ್ತಲೇಬೇಕು. ಇದು ನಮ್ಮ ಕಟ್ಟಳೆ. ಕತ್ತಲಾದ ಮೇಲೆ ಕಾಂಗರೂಗಳಾಗಲಿ ಉದ್ದನೆಯ ಲಾರಿಗಳಾಗಲಿ ಯಾರ ಮುಲಾಜೂ ನೋಡುವುದಿಲ್ಲ.

"ಹತ್ತಲಿ ಬಿಡ್ರಪ್ಪ," ಎಂದ ಹೇಮಿಶ್, ನಮ್ಮಲ್ಲೇ ದೊಡ್ಡ ಹೊಟ್ಟೆಬಾಕ. "ನಾಳೆಯಿಂದ ಊಟ ಊಟದ ಥರ ಇರುತ್ತೆ."

ಎಲ್ಲರೂ ನಕ್ಕೆವು. ಕ್ಲೆಮ್ ಸುಟ್ಟುಹಾಕುವ ಸಾಸೇಜು ತಿಂದು ನಮ್ಮ ನಾಲಿಗೆ ಸತ್ತುಹೋಗಿತ್ತು. ನಗು ನಿಂತಿತು. ಹೇಮಿಶ್ ಸೂರ್ಯನನ್ನು ನೋಡಿದ, ಎದ್ದು ತನ್ನ ಸೈಕಲ್ ಎತ್ತಿಕೊಂಡ.

"ಹಾಳಾಗ್ಹೋಗ್ಲಿ, ಸುಟ್ಟಿದ್ದನ್ನೇ ತಿನ್ನೋಣ ಬನ್ನಿ!"

ಬೆನ್ನಿಗೆ ಗಾಳಿ, ಹಾರಿಕೊಂಡೇ ಹೋದೆವು. ದೂರದಿಂದಲೇ ಗಂಡ ಹೆಂಡಿರ ಜಗಳ ಕೇಳಿಸಿತು.

"ಸಾಕು ಹತ್ತೇ! ಸೂರ್ಯ ಮುಳುಗ್ದ."

"ಮುಳುಗಿಲ್ಲ! ನಿನ್ ವ್ಯಾನ್ ಸೂರ್ಯನ್ನ ಮುಚ್ಚಿದೆ. ಪಕ್ಕಕ್ಕೆ ಹೋಗೋ!"

ಕ್ಲೆಮ್ ಗೊಣಗುತ್ತಾ ವ್ಯಾನ್ ಸರಿಸಿದ. ಸರಿಸಿದ್ದೇ ತಡ, ಅವಳ ಉದ್ದ ನೆರಳು ಚಂಗನೆ ರಸ್ತೆಯ ಮೇಲೆ ಬಿತ್ತು.

"ಕಂಡ್ಯಾ? ನೆರಳು ಮುಂದಿರೋ ತನಕ ಹಗಲೇ!" ಎಂದವಳು ನಮ್ಮನ್ನು ನೋಡಿ, "ನೀವ್ಯಾಕ್ರೋ ಬಂದ್ರಿ?" ಎಂದಳು.

"ಹಸಿವು ಕಣಮ್ಮ. ತುಳಿ ಬೇಗ!" ಎಂದೆ.

ಗಾಳಿಗೆ ಅಡ್ಡವಾಗಿ ಅವಳ ಮುಂದೆ ಗೋಡೆ ಕಟ್ಟಿದೆವು. ಅಬ್ಬಾ, ಆ ತುಳಿತ! ತೊಡೆ ಉರಿದರೂ ಯಾರೂ ಸರದಿ ತಪ್ಪಿಸಲಿಲ್ಲ. ಬಿಡಾರದ ಗುರುತಿಗೆ ನೆಟ್ಟ ಕಂಬ ಕಂಡದ್ದೇ ಹಿಂದಿನಿಂದ ಕೂಗಿದಳು: "ಸರೀರೋ! ಈಗ ಮುಂದೆ ನಾನು!"

ಸರಿದೆವು. ಗಾಳಿಗೆ ತಲೆ ಬಗ್ಗಿಸಿ ಒಬ್ಬಳೇ ತುಳಿದಳು. ನೆರಳು ಮಸುಕಾಗುತ್ತಿತ್ತು. ತಿರುಗಿ ನೋಡಿದೆ. ಕ್ಲೆಮ್ ವ್ಯಾನನ್ನು ಪೂರ್ತಿ ಜಲ್ಲಿಯ ಅಂಚಿಗೆ ಇಳಿಸಿ, ಮಾರುದೂರ ಹಿಂದೆ ಬಿಟ್ಟುಕೊಂಡು ಬರುತ್ತಿದ್ದ, ಅವಳ ಮೇಲೆ ಬೀಳುವ ಒಂದು ಎಳೆ ಬಿಸಿಲೂ ತಪ್ಪದ ಹಾಗೆ.

ನೆರಳು ಮೊದಲು ಕಂಬ ಮುಟ್ಟಿತು, ಹಿಂದೆಯೇ ಡಲ್ಸಿ. ನಾವು ಹುಚ್ಚರ ಹಾಗೆ ಕೇಕೆ ಹಾಕಿದೆವು. ಕ್ಲೆಮ್ ಇಳಿದು ಬಂದು ಅವಳ ಸೈಕಲ್ ಹಿಡಿದುಕೊಂಡ.

"ಮುಂದಿನಿಂದ ನೋಡಿದ್ರೆ ರಸ್ತೆ ಹೇಗಿತ್ತೇ?"

"ಎಲ್ಲಿ ನೋಡ್ದೆ? ಪೂರ್ತಿ ನೆರಳನ್ನೇ ಕಾಯ್ತಿದ್ದೆ," ಎಂದಳು ಏದುಸಿರಿನಲ್ಲಿ. "ರಸ್ತೆ ನಾಳೆ ನೋಡ್ತೀನಿ. ನೀನು ಏಪ್ರನ್ ಕಟ್ಕೋ, ಜನ ಹಸ್ಕೊಂಡಿದಾರೆ."