ಅತ್ತೆ ಹಾಕಿಕೊಳ್ಳದ ಉಂಗುರ

ಆ ಶನಿವಾರ ಬೆಳಿಗ್ಗೆಯೂ ನೀರುದೋಸೆಯ ಹಿಟ್ಟಿಗೆ ಉಪ್ಪು ಹಾಕಿ ಕದಡಿದೆ, ಕಾವಲಿಗೆ ಎಣ್ಣೆ ಸವರಿದೆ. ಮೊದಲ ದೋಸೆ ಎಂದಿನಂತೆ ಹರಿಯಿತು. ಅದನ್ನು ನನ್ನ ತಟ್ಟೆಗೆ ಹಾಕಿಕೊಂಡೆ. ನಮ್ಮವರು ತಿಂಡಿ ತಿಂದು ಶಾಲೆಗೆ ಪಾಠಕ್ಕೆ ಹೊರಟರು. ಅತ್ತೆಯ ಮಾತ್ರೆಯನ್ನು ಅರ್ಧ ಮಾಡಿ ಬಿಸಿನೀರಿನ ಲೋಟದ ಪಕ್ಕ ಇಟ್ಟೆ. ಅವರು ನುಂಗಿ, ಲೋಟ ಕೆಳಗಿಟ್ಟು, ಸಾಸಿವೆ ಮುಗಿದಿದೆ ಎಂದು ಹೇಳುವ ಧ್ವನಿಯಲ್ಲೇ ಹೇಳಿದರು:

“ಇವತ್ತು ಪೇಟೆಗೆ ಹೋಗ್ತೀಯಲ್ಲ, ಆ ನೀಲದ ಉಂಗುರ ತೆಗೆದುಕೊಂಡು ಹೋಗು. ಆಚಾರ್ಯರ ಹತ್ತಿರ ಕಲ್ಲು ಬಿಡಿಸು. ಚಿನ್ನ ಮನೆಗೆ ತಾ. ಕಲ್ಲನ್ನು ಬರುವಾಗ ಹೊಳೆಗೆ ಬಿಡು. ನಾನು ಹೋದ ಮೇಲೆ ಅದು ಮಕ್ಕಳ ಬೆರಳಿಗೆ ಏರುವುದು ಬೇಡ.”

ಆ ಉಂಗುರದ ಕಥೆ ನಾನು ನರಿಕೊಂಬಿನ ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲೇ ತಿಳಿದಿತ್ತು. ಅತ್ತೆಯ ಅಣ್ಣ, ತೋಡಾರಿನವರು, ಹಡಗಿನಲ್ಲಿ ಅಡುಗೆಯವರಾಗಿದ್ದರು. ಮದುವೆಯಾದ ತಂಗಿಗೆಂದು ಯಾವುದೋ ದೂರದ ಬಂದರಿನಿಂದ ಅದನ್ನು ತಂದಿದ್ದರು. ಕಲ್ಲಿನ ಬಣ್ಣ ಕಂಡದ್ದೇ ಅತ್ತೆಯ ಅತ್ತೆ ಬೆದರಿದರಂತೆ. ನೀಲವೆಂದರೆ ಶನಿಯ ಕಲ್ಲು, ಎಲ್ಲರಿಗೂ ಆಗಿಬರುವುದಿಲ್ಲ. ಅದನ್ನು ಬೆರಳಿಗೆ ಹಾಕುವ ಮೊದಲು ತಲೆದಿಂಬಿನ ಅಡಿಯಲ್ಲಿಟ್ಟು ಮಲಗಿ ನೋಡುವ ಕ್ರಮವಿದೆ. ಕೆಟ್ಟದ್ದೇನೂ ನಡೆಯದಿದ್ದರೆ ಮಾತ್ರ ಹಾಕಿಕೊಳ್ಳಬಹುದು. ಅತ್ತೆ ಹಾಗೆಯೇ ಮಲಗಿದರು. ಬೆಳಗಾಗುವಾಗ ಹಟ್ಟಿಯಲ್ಲಿ ಗಬ್ಬದ ಹಸು ಕಂದು ಹಾಕಿತ್ತು. ಉಂಗುರ ಕಬ್ಬಿಣದ ಪೆಟ್ಟಿಗೆ ಸೇರಿತು.

ಮಳೆಗಾಲ ಕಳೆದ ಮೇಲೆ ಆ ಪೆಟ್ಟಿಗೆಯನ್ನು ಬಿಸಿಲಿಗಿಡುವುದು ನನ್ನ ಕೆಲಸ. ಆಗ ಉಂಗುರವನ್ನು ಕಿಟಕಿಯ ಹತ್ತಿರ ಹಿಡಿದು ನೋಡುವುದು ನನ್ನೊಂದು ಚಪಲ. ಕಾನ್ವೆಂಟಿನಲ್ಲಿ ಕಸೂತಿ ಕಲಿಸುತ್ತಿದ್ದ ಸಿಸ್ಟರ್ ಬಲ್ಬಿನ ಬೆಳಕಿನಲ್ಲಿ ನೂಲು ಆರಿಸಲು ಬಿಡುತ್ತಿರಲಿಲ್ಲ. ಬಣ್ಣದ ನಿಜ ಕಿಟಕಿಯಲ್ಲಿ ಮಾತ್ರ ಗೊತ್ತಾಗುತ್ತದೆ ಎನ್ನುತ್ತಿದ್ದರು. ಕಿಟಕಿಯಲ್ಲಿ ಆ ಕಲ್ಲು ಮಳೆ ನಿಂತು ತಿಳಿಯಾದ ನೇತ್ರಾವತಿಯ ಹಾಗಿತ್ತು, ಮೊಣಕಾಲಿನವರೆಗೆ ಇಳಿದರೂ ಅಡಿಯ ಮರಳು ಕಾಣುವಂಥ ನೀರು. ನೇರ ನೋಡಿದರೆ ತಿಳಿನೀಲಿ. ತುಸು ವಾಲಿಸಿದರೆ ಬಣ್ಣ ಹಿಂದೆ ಸರಿದು ಬರಿಯ ನೀರಾಗುತ್ತಿತ್ತು. ಒಳಗೆ ಒಂದು ಚುಕ್ಕೆ, ಒಂದು ಎಳೆಯೂ ಇರಲಿಲ್ಲ. ಬೀಗದ ಕೈಗಳ ಜೊತೆ ಉರುಳಾಡಿ ಉಂಗುರದ ಚಿನ್ನವೆಲ್ಲ ಗೀರಾಗಿತ್ತು, ಕಲ್ಲು ಮಾತ್ರ ನುಣುಪಾಗಿ ಉಳಿದಿತ್ತು. ಕೆನ್ನೆಗೆ ತಾಗಿಸಿದರೆ ತಂಪು. ನಮ್ಮ ಕೆಂಪು ಕಲ್ಲಿನ ಬೆಂಡೋಲೆಗಳು ಮದುವೆ ಮನೆಯ ಆ ತುದಿಯಿಂದಲೇ ಕಣ್ಣಿಗೆ ಹೊಡೆಯುತ್ತವೆ. ಇದು ಹತ್ತಿರ ಹೋದವರಿಗೆ ಮಾತ್ರ ಕಾಣುವ ಚಂದ. ಇಷ್ಟು ಸಾಧು ಕಲ್ಲಿಗೆ ಹಸುವಿನ ಹೊಟ್ಟೆಯ ಕರುವಿನ ಮೇಲೆ ಏನು ಸಿಟ್ಟು ಎಂದು ಅನಿಸುತ್ತಿತ್ತು.

ಬಂಟ್ವಾಳ ಪೇಟೆಯಲ್ಲಿ ಚಿನ್ನದ ಕೆಲಸ ಮಾಡುವ ಆಚಾರ್ಯರು ಉಂಗುರವನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಇಷ್ಟು ಒಳ್ಳೆಯ ಕಲ್ಲನ್ನು ಯಾಕೆ ಬಿಡಿಸುವುದು?”

“ನೀಲ ಅಲ್ವಾ? ಅತ್ತೆಗೆ ಆಗಿಬರಲಿಲ್ಲ.”

“ಯಾವ ನೀಲ ಮಾರಾಯ್ರೇ!” ಎಂದು ನಕ್ಕರು. ನನ್ನ ಮುಖ ನೋಡಿ, ಕಲ್ಲು ಪರೀಕ್ಷೆ ಮಾಡುವ ಸಣ್ಣ ಯಂತ್ರದ ಮೇಲೂ ಒಮ್ಮೆ ಇಟ್ಟರು. “ಇದು ಆಕ್ವಾಮರೀನ್. ಪಚ್ಚೆ ಉಂಟಲ್ಲ, ಅದರದ್ದೇ ಜಾತಿ. ಸಮುದ್ರದ ನೀರು ಅಂತ ಹೆಸರಿನ ಅರ್ಥ. ಹಡಗಿನವರು ಅಪಾಯ ಬಾರದಿರಲಿ ಅಂತ ಇಟ್ಟುಕೊಳ್ತಿದ್ರಂತೆ. ಶನಿಗೂ ಇದಕ್ಕೂ ಏನೂ ಸಂಬಂಧ ಇಲ್ಲ.”

ಕಲ್ಲು ಬಿಡಿಸದೆ ಉಂಗುರವನ್ನು ಹಾಗೆಯೇ ಹಿಡಿದು ಮರಳುವಾಗ ಆಟೋ ಸೇತುವೆ ದಾಟಿತು. ನಿಲ್ಲಿಸು ಎಂದು ಹೇಳಲಿಲ್ಲ. ಒಳ್ಳೆಯ ಸುದ್ದಿ ಒಯ್ಯುತ್ತಿದ್ದೇನೆ ಎಂದೇ ತಿಳಿದಿದ್ದೆ.

ಊಟವಾದ ಮೇಲೆ ಹೇಳಿದೆ. ಅತ್ತೆ ಉಂಗುರವನ್ನು ಕೈಗೆ ತೆಗೆದುಕೊಂಡರು.

“ಹಾಗಾದರೆ ಹಸು?”

“ಅದಕ್ಕೆ ಬೇರೆ ಏನೋ ಆಗಿರಬೇಕು ಅತ್ತೆ.”

“ಅಣ್ಣ ರಜೆಯಲ್ಲಿ ಬಂದಾಗೆಲ್ಲ ಮೊದಲು ನನ್ನ ಕೈ ನೋಡ್ತಿದ್ದ,” ಎಂದರು. “ನಾನು ಸೆರಗಿನೊಳಗೆ ಇಟ್ಟುಕೊಳ್ತಿದ್ದೆ. ಒಂದು ಸಲ ಕೇಳಿಯೇ ಬಿಟ್ಟ, ಬಿಗಿಯಾಯ್ತಾ ತಂಗೀ ಅಂತ. ಹೌದು ಅಂದೆ. ನೀನು ತಂದದ್ದಕ್ಕೆ ಗಂಡನ ಮನೆಯಲ್ಲಿ ಹೆದರ್ತಾರೆ ಅಂತ ಅವನಿಗೆ ಹೇಳುವುದು ಹೇಗೆ, ಹೇಳು?”

“ಮತ್ತೆ?”

“ಮತ್ತೆ ಅವನು ಕೇಳಲಿಲ್ಲ. ಕೈ ನೋಡುವುದನ್ನೂ ಬಿಟ್ಟ.”

ಅವರ ಅಣ್ಣ ತೀರಿಹೋಗಿ ಕೆಲವು ವರ್ಷಗಳಾಗಿವೆ. ಕಲ್ಲು ಕೆಟ್ಟದ್ದು ಎಂಬ ನಂಬಿಕೆ ಇದ್ದಷ್ಟು ದಿನ ಅತ್ತೆಗೆ ಆ ಬರಿಗೈಗೆ ಒಂದು ಕಾರಣವಿತ್ತು. ಅದನ್ನು ನಾನು ಒಂದೇ ಮಾತಿನಲ್ಲಿ ಕಿತ್ತುಕೊಂಡಂತಾಯಿತು. ಕಲ್ಲನ್ನು ಹೊಳೆಗೆ ಬಿಟ್ಟು ಬಂದು ಸುಮ್ಮನಿದ್ದರೆ ಅವರು ಆ ಮಧ್ಯಾಹ್ನ ಎಂದಿನಂತೆ ನಿದ್ದೆ ಮಾಡುತ್ತಿದ್ದರು. ಈಗಲೂ ಹಾಗೆ ಮಾಡಬೇಕಿತ್ತೋ ಏನೋ ಎಂದು ಯೋಚಿಸುತ್ತೇನೆ.

ಸ್ವಲ್ಪ ಹೊತ್ತಿನ ಬಳಿಕ ಅವರೇ ಬೆರಳು ಮುಂದೆ ಚಾಚಿದರು. ಸಾಬೂನು ನೊರೆ ಹಚ್ಚಿದರೂ ಉಂಗುರ ಊದಿದ ಗಂಟನ್ನು ದಾಟಲಿಲ್ಲ. ಕಿರುಬೆರಳಿಗೆ ಹಾಕಿದೆ. ಜಗಲಿಯಲ್ಲಿ ಕುಳಿತು, ಕೈಯನ್ನು ಮಡಿಲಲ್ಲಿ ಅಂಗಾತ ಇಡದೆ ಮಗುಚಿಟ್ಟುಕೊಂಡರು, ಕಲ್ಲು ಮೇಲಕ್ಕೆ ಬರುವ ಹಾಗೆ. ನಾನು ಒಳಗಿನಿಂದ ನೋಡುತ್ತಿದ್ದೆ. ಇಳಿಬಿಸಿಲಿನಲ್ಲಿ ಅದಕ್ಕೆ ತುಸು ಹಸಿರು ಬಂದಿತ್ತು.

ಸಂಜೆ ಪಕ್ಕದ ಮನೆಯ ಬ್ಯಾರಿ ಹೆಂಗಸು, ಗಂಡ ದುಬೈಯಲ್ಲಿರುವವಳು, ಬೇವಿನೆಲೆಗೆ ಬಂದಳು. ನಮ್ಮ ಒಗ್ಗರಣೆಯ ಬೇವಿನ ಗಿಡ ಜಗಲಿಗೆ ತಾಗಿಯೇ ಇದೆ.

“ಓ ಅಜ್ಜೀ, ಉಂಗುರ ಹೊಸತಾ? ಎಂಥ ಚಂದ ಉಂಟು!”

“ಹಳೆಯದೇ. ಅಣ್ಣ ಹಡಗಿನಲ್ಲಿರುವಾಗ ತಂದದ್ದು.”

“ನಿಮ್ಮ ಕೈಯಲ್ಲಿ ನೋಡಿ ಅವರಿಗೆ ಎಷ್ಟು ಖುಷಿ ಆಗಿರಬೇಕಲ್ಲ,” ಎಂದು ಅವಳು ಈಚೆ ತಿರುಗದೆ ಎಲೆ ಕೀಳುತ್ತಲೇ ಹೇಳಿದಳು. “ನಮ್ಮವರು ತಂದ ಬಳೆ ನಾನು ಕಪಾಟಿನಲ್ಲಿ ಇಟ್ಟದ್ದಕ್ಕೆ ಈಗ ಬರೀ ಬಾದಾಮಿ, ಟಾರ್ಚು ತರ್ತಾರೆ ಅಜ್ಜಿ. ಗಂಡಸರು ತಂದದ್ದನ್ನು ಅವರ ಕಣ್ಣೆದುರು ಒಂದು ದಿನವಾದರೂ ಹಾಕಬೇಕು ನೋಡಿ.”