ರೀಡಿಲ್ಲದ ಕ್ಲಾರಿನೆಟ್ಟು

ಮೈಕಿಗೆ ಎರಡು ಸಾವಿರದ ಎಂಟುನೂರು ಕೊಟ್ಟೆ. ಅಂಗಡಿಯವನು ಮೂರೂವರೆ ಹೇಳಿದ್ದ. ಎರಡು ಸಲ ಮೆಟ್ಟಿಲಿಳಿದು ಹೊರಟವನಂತೆ ಮಾಡಿ ಇಳಿಸಿದೆ. ಫೋನಿಗೆ ಸಿಕ್ಕಿಸುವ, ಹೆಬ್ಬೆರಳಿನಷ್ಟು ಮೈಕು. ಶಿರಾದ ಮದುವೆ ಬ್ಯಾಂಡಿನವನಿಗೆ ಇದು ಯಾಕೆ ಬೇಕಾಯಿತೆಂದರೆ, ಅದಕ್ಕೆ ಮುಂಚೆ ನಮಗೊಂದು ಪುಕ್ಕಟೆ ವಿಡಿಯೋ ಸಿಕ್ಕಿತ್ತು.

ನಮ್ಮ ಬ್ಯಾಂಡಿನಲ್ಲಿ ಕ್ಲಾರಿನೆಟ್ ಊದುವವರು ನಮ್ಮಮ್ಮನ ಅಣ್ಣ, ಮಾಮು. ನನಗೆ ಟ್ರಂಪೆಟ್ ಹಿಡಿಯಲು ಕಲಿಸಿದವರೂ ಅವರೇ. ಗಂಡಿನ ಕಡೆಯವರು ಬಂದಿಳಿಯುವಾಗ ಮಾಮು ಒಂದು ನಿಧಾನದ ರಾಗ ನುಡಿಸುತ್ತಾರೆ. ಅದಕ್ಕೆ ಹೆಸರಿಲ್ಲ, ಪದವಿಲ್ಲ. ಡ್ರಮ್ಮಿನವರೂ ಕೈ ನಿಲ್ಲಿಸಿ ಕೇಳುತ್ತಾರೆ. ಚನ್ನರಾಯನದುರ್ಗದ ಮದುವೆಯೊಂದರಲ್ಲಿ, ಹಿಂದೆ ಬೆಟ್ಟ, ಮುಂದೆ ಕೆಂಪು ಕೋಟಿನ ಮಾಮು ಕಣ್ಣು ಮುಚ್ಚಿ ಊದುತ್ತಿದ್ದರು. ಕೊರಟಗೆರೆಯ ಸ್ಟುಡಿಯೋದವನು ಅದನ್ನು ಹಿಡಿದು ರೀಲ್ಸಿಗೆ ಹಾಕಿದ. ಹಾಕುವಾಗ ನಮ್ಮ ಸದ್ದು ತೆಗೆದು ಯಾವುದೋ ಸಿನಿಮಾ ಹಾಡು ಅಂಟಿಸಿದ. ಉಸಿರು ಮಾಮುವಿನದು, ಕೇಳುವುದು ಕಂಪ್ಯೂಟರಿನ ಡೋಲು. ಜನ ಮುಗಿಬಿದ್ದು ನೋಡಿದರು. ಕಾಮೆಂಟಿನಲ್ಲಿ ಹೊಗಳಿದ್ದೆಲ್ಲ ಕೋಟನ್ನು.

ಅದನ್ನು ನೋಡಿ ನಾಗಲಮಡಿಕೆ ಕಡೆಯ ಹೆಣ್ಣಿನ ತಂದೆಯೊಬ್ಬ ನಮ್ಮನ್ನು ಗೊತ್ತು ಮಾಡಿದ. ಖುಷಿಯಲ್ಲಿ ರೇಟು ಸ್ವಲ್ಪ ಏರಿಸಿಯೇ ಹೇಳಿದ್ದೆ, ಒಪ್ಪಿದ್ದ. ಮದುವೆಯ ದಿನ ಮಾಮು ಶುರು ಮಾಡುತ್ತಿದ್ದ ಹಾಗೇ ಆತ ಫೋನು ಹಿಡಿದು ಬಂದ.

"ಏಮಯ್ಯಾ, ಇದೇ ಕೋಟು, ಇದೇ ಮಖ, ಸೌಂಡ್ ಮಾತ್ರ ಬ್ಯಾರೆ ಐತೆ. ಮದ್ವೆ ಮನ್ಯಾಗೆ ಅಳೋ ಮ್ಯೂಜಿಕ್ ಇಕ್ತೀರಲ್ಲ?"

ಅದು ನಮ್ಮ ಸದ್ದೇ ಅಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಡಿಜೆ ಬಾಕ್ಸಿನಲ್ಲಿ ಆ ಹಾಡನ್ನೇ ಹಾಕಿಸಿದ.

"ನೀವು ಊದ್‌ಬ್ಯಾಡ್ರಿ. ಬಾಯಿಗಿಟ್ಕಂಡ್ ನಿಂತ್ಕಳ್ರಿ, ವಿಡಿಯೋಗೆ ಸಾಕು."

ವ್ಯಾನಿನ ತುಂಬ ಜನ ಕರೆತಂದಿದ್ದೆ. ಅವರ ಕೂಲಿ ಬಿಟ್ಟು ಹೊರಡುವಂತಿರಲಿಲ್ಲ. ಕ್ಲಾರಿನೆಟ್ಟಿನ ಸದ್ದು ಹುಟ್ಟುವುದೇ ರೀಡು ಎಂಬ ತೆಳ್ಳನೆಯ ದಬ್ಬೆಯಿಂದ. ಮಾಮು ಅದನ್ನು ಕಳಚಿ ಜೇಬಿಗಿಟ್ಟುಕೊಂಡರು. ಬರೀ ಕೊಳವೆ ಬಾಯಿಗಿಟ್ಟು ಮೆರವಣಿಗೆ ಮುಗಿಯುವತನಕ ನಿಂತರು. ಒಬ್ಬನಿಗೂ ಗೊತ್ತಾಗಲಿಲ್ಲ.

ವ್ಯಾನು ಹತ್ತಿದ ಮೇಲೆ ಮಾಮು ಹೇಳಿದರು: "ನಿಂತ್ಕಳಾಕೆ ನಾನ್ಯಾಕ್ ಬೇಟಾ? ಗೂಟಕ್ಕೆ ಕೋಟ್ ಹಾಕಿ ನಿಲ್ಸು. ಇನ್ಮೇಲೆ ನನ್ನ ಕರೀಬೇಡ."

ಕ್ಲಾರಿನೆಟ್ ಹೋದರೆ ನಮ್ಮ ಬ್ಯಾಂಡೂ ಹೋಯಿತು. ಮಾರನೇ ದಿನ ಡ್ರಮ್ಮಿನವನನ್ನು ಕರೆದುಕೊಂಡು ಕೊರಟಗೆರೆಯ ಸ್ಟುಡಿಯೋಗೆ ಹೋಗಿ, ರೀಲು ಅಳಿಸಿ ನಮ್ಮ ಸದ್ದಿನ ಒರಿಜಿನಲ್ ಕೊಡು ಎಂದೆ.

"ಒರಿಜಿನಲ್ ಯಾರ್ ಕೇಳ್ತಾರಣ್ಣ? ಫ್ರೀಯಾಗಿ ಫೇಮಸ್ ಮಾಡಿವ್ನಿ, ಸ್ವೀಟ್ ತರೋದ್ ಬುಟ್ಟು ಜಗಳಕ್ಕೆ ಬಂದಿದ್ದೀರಾ," ಎಂದ ಸ್ಟುಡಿಯೋದವನು.

ನಾನು ಜಗಳವಾಡಲಿಲ್ಲ. ಕುರ್ಚಿ ಎಳೆದು ಕೂತು ಡ್ರಮ್ಮಿನವನಿಗೆ ಸನ್ನೆ ಮಾಡಿದೆ, ಅವನು ಅಲ್ಲೇ ಡ್ರಮ್ಮು ಬಾರಿಸತೊಡಗಿದ. ಪಾಸ್‌ಪೋರ್ಟ್ ಫೋಟೋಗೆ ಬಂದಿದ್ದವರು ಕಿವಿ ಮುಚ್ಚಿಕೊಂಡು ಒಬ್ಬೊಬ್ಬರೇ ಎದ್ದು ಹೋದರು. ಕೊನೆಗೆ ಅವನೇ ಕೈ ಮುಗಿದು, ಆ ರೀಲು ಅಳಿಸಿ, ನಮ್ಮ ಸದ್ದಿರುವ ಮೂಲ ವಿಡಿಯೋ ನನ್ನ ಫೋನಿಗೆ ಹಾಕಿಕೊಟ್ಟ.

ನಮ್ಮದೇ ಖಾತೆ ತೆರೆದು ಏನೂ ಸೇರಿಸದೆ ಹಾಕಿದೆ. ನೋಡಿದವರು ಬಹುಪಾಲು ನೆಂಟರು. ಆಮೇಲೊಂದು ದಿನ ಐ.ಡಿ.ಹಳ್ಳಿಯಿಂದ ಹೆಂಗಸೊಬ್ಬರ ಫೋನು ಬಂತು. ಮಾಮು ಪಕ್ಕದಲ್ಲೇ ಇದ್ದರು, ಸ್ಪೀಕರಿಗೆ ಹಾಕಿದೆ.

"ಕೋಟು ಎಂಥದಾರ ಇರ್ಲಿ ಕಣಪ್ಪ. ಅಂಗೆ ಊದವ್ರಲ್ಲ, ಆ ಯಜಮಾನ್ರು ಬತ್ತಾರಾ? ಅವ್ರು ಬರ್ದಿದ್ರೆ ನಮ್ಗೆ ಬ್ಯಾಂಡೇ ಬ್ಯಾಡ."

ಮಾಮು ಜೇಬಿನಿಂದ ರೀಡು ತೆಗೆದು ಬೆಳಕಿಗೆ ಹಿಡಿದು ನೋಡಿದರು. "ಇದು ಸೀಳೈತೆ, ಬೇರೆ ತರ್ಸು," ಎಂದರು. ಹೊಸ ರೀಡಿನ ಜೊತೆಗೇ, ಇನ್ನು ಮೇಲೆ ನಮ್ಮ ಸದ್ದು ನಾವೇ ಹಿಡಿಯೋಣವೆಂದು, ನಾನು ಮೈಕೂ ತಂದದ್ದು.

ಊದುವವರೇ, ಬಾರಿಸುವವರೇ, ಹಾಡುವವರೇ, ನನ್ನ ಮಾತು ಕೇಳಿ. ಮದುವೆ ಒಪ್ಪಿಕೊಳ್ಳುವ ದಿನವೇ ವಿಡಿಯೋದವನಿಗೆ ಸದ್ದು ತೆಗೆಯಕೂಡದೆಂದು ಮದುವೆ ಮನೆಯವರ ಬಾಯಿಂದಲೇ ಹೇಳಿಸಿ. ಖಾತೆ ನಿಮ್ಮದೇ ಇರಲಿ, ವಿಡಿಯೋ ಮೇಲೆ ನಿಮ್ಮ ಊರು, ನಿಮ್ಮ ನಂಬರು ಕಾಣಲಿ. ಶುರುವಿಗೇ ವಾದ್ಯ ಕೇಳಿಸಬೇಕು. ನಮಸ್ಕಾರ, ಭಾಷಣ ಹಾಕಿದರೆ ಜನ ಬೆರಳು ಸರಿಸಿ ಹೋಗುತ್ತಾರೆ. ಮೈಕು ಡ್ರಮ್ಮಿಗೆ ದೂರವಿಡಿ. ಬುಕಿಂಗಿಗೆ ಫೋನು ಬಂದರೆ, ರೇಟಿಗೆ ಮುಂಚೆ ನಿಮ್ಮ ಅಸಲಿ ವಿಡಿಯೋ ಕಳಿಸಿ, "ಪೂರ್ತಿ ಕೇಳಿ, ಆಮೇಲೆ ಮಾತಾಡಿ" ಅನ್ನಿ. ಬೇಡವೆಂದರೆ ಬಿಡಿ, ಡೀಸೆಲ್ ಉಳಿಯಿತು. ಪುಕ್ಕಟೆ ಫೇಮಸ್ ಮಾಡುತ್ತೇನೆಂದು ಯಾವನಾದರೂ ಬಂದರೆ, ಸದ್ದು ಯಾರದು ಎಂದು ಕೇಳಿಯೇ ಬಾಗಿಲು ತೆಗೆಯಿರಿ.